ಕುಸುಬಿ ಎಣ್ಣೆ ಉಂಡ ಬೆಕ್ಕು

ಸಜ್ಜೆ ಹಸನು ಮಾಡುತ್ತಾ ಕೂತಿದ್ದೆ. ಪಕ್ಕದ ಮನೆಯ ಗೆಳತಿ ಹಿತ್ತಲ ಗೋಡೆಯಾಚೆಯಿಂದ ಕೂಗಿದಳು.

"ಏ ಅಕ್ಕಾ, ನಿಮ್ಮ ಬೆಕ್ಕು ಗೋಡಿ ಹತ್ತಾಕ ಹೋಗಿ ದಪ್ಪಂತ ಬಿದ್ದದ. ಏಳವಲ್ದು!"

ಮೊರ ಅಲ್ಲೇ ಬಿಟ್ಟು ಓಡಿದೆ. ಎತ್ತಿಕೊಂಡರೆ ಕೈಗೆ ಸಿಕ್ಕಿದ್ದು ಬರೀ ಎಲುಬು. ಬೆನ್ನಿನ ಕೂದಲು ಸೆರಗಿಗೆ ಅಂಟಿ ಬಂತು.

ಕಾಲುವೆಗೆ ನೀರು ಬಂದು ನಮ್ಮ ಹೊಲ ಭತ್ತಕ್ಕೆ ತಿರುಗಿದ ಕಾಲ ಅದು. ಮನೆಗೆ ಬಂದ ಭತ್ತದ ಚೀಲಗಳ ಹಿಂದೆಯೇ ಇಲಿಗಳು ಬಂದವು, ಇಲಿಗಳಿಗಾಗಿ ಬೆಕ್ಕು ಬಂತು. ಆದರೆ ಲಿಂಗಪೂಜೆಯ ಮನೆಯಲ್ಲಿ ಜೀವಹತ್ಯೆ ಬೇಡವೆಂದು ಅದರ ಕೊರಳಿಗೆ ಗೆಜ್ಜೆ ಕಟ್ಟಿದೆ. ಸದ್ದಿಗೆ ಇಲಿ ಓಡಬೇಕು, ಪಾಪ ತಟ್ಟಬಾರದು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಶಹಾಪುರದ ಬಸ್ಸು ಹತ್ತಿದೆ. ದನದ ಡಾಕ್ಟರು ಅದರ ಕಣ್ಣು, ಒಸಡು ನೋಡಿ ಕೇಳಿದರು.

"ಏನ್ ತಿನ್ನಸ್ತೀರಿ ಅವ್ವಾರ?"

"ಏನೂ ಕಡಿಮಿ ಮಾಡಿಲ್ರಿ. ರೊಟ್ಟಿ, ಹಾಲು, ಮೈ ಮಿಂಚಲಿ ಅಂತ ಎರಡು ಚಮಚ ಕುಸುಬಿ ಎಣ್ಣಿ. ಸೋಮವಾರ ಮಾತ್ರ ಒಪ್ಪತ್ತು."

"ಬೆಕ್ಕಿಗೂ ಸೋಮವಾರ ಏನ್ರಿ?"

"ನಮ್ಮನ್ಯಾಗ ಎಲ್ಲಾರಿಗೂ ರಿ."

ಅವರು ನಗು ತಡೆದುಕೊಂಡರು. "ಕುಸುಬಿ ಎಣ್ಣಿ ನಿಮಗ ಚೊಲೊ. ಬೆಕ್ಕಿನ ಮೈಗೆ ಬೇಕಾದ ಕೊಬ್ಬು ಅದ್ರಾಗ ಇಲ್ಲ. ಮೀನು, ಮಾಂಸದಾಗಿಂದ ಬರಬೇಕು. ಅದು ಬಿಟ್ಟು ಯಾವ ಟಾನಿಕ್ ಕುಡಿಸಿದ್ರೂ ಅಷ್ಟ. ಹಿಂಗ ಬಿಟ್ರ ಇದು ಉಳಿಯಂಗಿಲ್ಲ."

ಮನೆಗೆ ಬಂದು ಹೇಳಿದೆ. ಅತ್ತೆ ವಿಭೂತಿ ಗಟ್ಟಿ ಕೆಳಗಿಟ್ಟರು.

"ಪೂಜಿ ಮನ್ಯಾಗ ಮೀನ? ತಲಿ ಕೆಟ್ಟದೇನ ನಿಂದು?"

"ಅತ್ತಿ, ಹುಲ್ಲು ತಿನ್ನೋ ಎಮ್ಮಿ ಮಾಡಿದಾಂವ ಶಿವ. ಮೀನು ತಿನ್ನೋ ಬೆಕ್ಕು ಮಾಡಿದಾಂವನೂ ಅವನ. ನಾ ಅವನ್ನ ತಿದ್ದಾಕ ಹೋಗಿದ್ದೆ, ಅದ ತಪ್ಪು."

ಅತ್ತೆ ವಿಭೂತಿ ಗಟ್ಟಿ ಮತ್ತೆ ಕೈಗೆತ್ತಿಕೊಂಡು ಹಣೆಗೆ ಹಚ್ಚಿಕೊಂಡರು. ಆಮೇಲೆ, "ಹಿತ್ತಲದಾಗ ತಿನ್ನಸು. ಮೈ ತೊಳಕೊಂಡು ಒಳಗ ಬಾ," ಎಂದರು.

ಮೀನು ತಿನ್ನುವ ಮನೆಯ ಆ ಗೆಳತಿಯೇ ಕಾಲುವೆಯ ಮೀನನ್ನು ಉಪ್ಪು ಹಾಕದೆ ಬೇಯಿಸಿ ಗೋಡೆಯ ಮೇಲೆ ಇಡುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು ಮುಳ್ಳು ಬಿಡಿಸಿ ತೆಂಗಿನ ಚಿಪ್ಪಿನಲ್ಲಿ ಹಾಕುತ್ತಿದ್ದೆ. "ಅಕ್ಕಾ, ನಿನ್ನ ಕೈಗೂ ಮೀನು ಹತ್ತಿತಲ್ಲ, ನಾಳಿ ಬಾಯಿಗೆ!" ಎಂದು ಅವಳು ಕಾಡುವಳು. ಮೊದಲ ದಿನ ಬೆಕ್ಕು ನೆಕ್ಕಿತು. ನಾಲ್ಕನೆಯ ದಿನ ಚಿಪ್ಪು ಬರಿದು. ಸೋಮವಾರವೂ ಬರಿದು. ಬರಿದಾದ ಒಂದೊಂದು ಚಿಪ್ಪಿಗೂ ದೇವರಿಗೆ ಕೈ ಮುಗಿದೆ.

ಎರಡು ತಿಂಗಳ ಮೇಲೆ, ಹಬ್ಬಕ್ಕೆ ಮನೆ ಸಾರಿಸುವ ಹೊತ್ತಿಗೆ ಹೊಸ ಕೂದಲು ಬಂದು ಮೈ ರೇಷ್ಮೆಯಾಗಿತ್ತು. ಒಂದು ಮುಂಜಾನೆ ಒಂದೇ ನೆಗೆತಕ್ಕೆ ಗೋಡೆ ಏರಿ ಕೂತಿತು, ಎದೆ ಉಬ್ಬಿಸಿ. ನನ್ನ ಎದೆಯೂ ಹಾಗೇ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ನೀರು ತರುತ್ತಿದ್ದ ಹೆಂಗಸರನ್ನು ನಿಲ್ಲಿಸಿ, "ನಮ್ಮ ಬೆಕ್ಕು ನೋಡ್ರೆ, ಹೆಂಗ ಮಿಂಚಾಕತ್ತದ!" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಆ ಗೆಜ್ಜಿ ಬಿಚ್ಚು. ಅದರ ಹೊಟ್ಟಿ ಅದು ನೋಡ್ಕೋತದ," ಎಂದರು.

ಗೆಜ್ಜೆ ಬಿಚ್ಚಿ ಕರುವಿನ ಕೊರಳಿಗೆ ಕಟ್ಟಿದೆ. ಕೈ ತೊಳೆದು, ರೊಟ್ಟಿಯ ಹಿಟ್ಟು ನಾದಲು ಕೂತೆ.