ಕಟ್ಟಿದ ಮೇಲೂ ಕೇಳುವ ಸದ್ದು

ಬೆಳಕು ಈಗಷ್ಟೇ ಹರಿಯುತ್ತಿದೆ. ಬಂದರಿನ ಧಕ್ಕೆಗೆ ಕಟ್ಟಿದ ಮೀನುಗಾರಿಕೆ ಬೋಟಿನ ಡೆಕ್ಕಿನ ನಡುವೆ ವಯಸ್ಸಾದ ಹೆಂಗಸೊಬ್ಬರು ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಬೋಟಿನವರು ನಾಲ್ವರೂ ಒಟ್ಟಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಜ್ಜೆಯಿಟ್ಟು ಬೋಟನ್ನು ತೂಗುತ್ತಿದ್ದಾರೆ. ಮಂಜುಗಡ್ಡೆ ಪೆಟ್ಟಿಗೆ, ಡೀಸೆಲ್ ಡ್ರಮ್, ಬಲೆಯ ರಾಶಿ, ಲಂಗರು ಎಲ್ಲಕ್ಕೂ ಹಗ್ಗ ಬಿದ್ದಿದೆ. ಯಾವುದೂ ಮಿಸುಕುವುದಿಲ್ಲ. ಆದರೂ ಹಿಂಬದಿಯಿಂದ ಟಕ್, ಟಕ್ ಕೇಳುತ್ತಿದೆ ಎನ್ನುತ್ತಾರೆ ಅವರು; ಬೇರೆ ಯಾರಿಗೂ ಕೇಳಿಸುವುದಿಲ್ಲ.

"ಅಕ್ಕಾ, ನಿಮ್ಮ ಮಂಡಿ ಸದ್ದಿರ್ಬೇಕು," ಎನ್ನುತ್ತಾನೆ ಚಾಲಕ.

"ನನ್ನ ಮಂಡಿ ಸದ್ದು ನನಗೆ ಗೊತ್ತಪ್ಪ. ಬಾಯಿ ಮುಚ್ಕೊಂಡು ತೂಗು."

ಧಕ್ಕೆಯಲ್ಲಿ ಎಲ್ಲರಿಗೂ ಇವರು ಗಂಟಕ್ಕ. ಅಪ್ಪನಿಂದ ಕಲಿತ ಕೆಲಸ. ದಿನಕ್ಕೆ ನಾಲ್ಕೈದು ಬೋಟುಗಳ ಸಾಮಾನು ಬಿಗಿಯುತ್ತಾರೆ. ಅಲೆಗೆ ಜಾರಿದ ಬಕೆಟ್ಟು ಕಾಲು ಮುರಿಯುತ್ತದೆ, ತುಂಬಿದ ಡ್ರಮ್ಮು ಜೀವ ತೆಗೆಯುತ್ತದೆ.

ಅದು ಅವರಿಗೆ ಮನೆಯಲ್ಲೇ ಗೊತ್ತಾದ ವಿಷಯ. ಹನ್ನೆರಡು ವರ್ಷದ ಹಿಂದೆ ಇದೇ ಬೋಟಿನ ಹಿಂಬದಿಯಲ್ಲಿ ನಿಂತಿದ್ದ ತಮ್ಮನನ್ನು, ಅವರೇ ಕಟ್ಟಿದ್ದ ಡ್ರಮ್ಮು ಉರುಳಿಬಂದು ನೀರಿಗೆ ತಳ್ಳಿತು. ದೇಹವೂ ಸಿಗಲಿಲ್ಲ. "ನಾನು ಹಾಕಿದ್ದ ಗಂಟು ಹಾಗೇ ಬಿಗಿಯಾಗಿತ್ತು," ಎಂದು ನನಗೆ ಹೇಳುತ್ತಾರೆ. "ಹಗ್ಗದ ತುದೀಲಿ ಡೆಕ್ಕಿನ ಕಬ್ಬಿಣದ ಬಳೆ ನೇತಾಡ್ತಿತ್ತು, ಮರದ ಚೂರು ಸಮೇತ ಕಿತ್ಕೊಂಡು ಬಂದು. ಗಂಟು ನೋಡಿದ್ದೆ, ಮರ ನೋಡಿರ್ಲಿಲ್ಲ." ಅಂದಿನಿಂದ ಹಗ್ಗದ ಜೊತೆ ಸುತ್ತಿಗೆಯನ್ನೂ ತರುತ್ತಾರೆ.

ಇವತ್ತು ತಮ್ಮನ ಆ ಜಾಗದಲ್ಲಿ ನಿಂತಿರುವುದು ಗಂಟಕ್ಕನ ಅಳಿಯ. ಈ ಬೋಟಿಗೆ ಅವನು ಹೊಸಬ.

"ಅತ್ತೆ, ಬೇರೆ ಬೋಟೆಲ್ಲ ಹೋದ್ವು."

"ಹೋಗ್ಲಿ. ಮಗಳಿಗೆ ಉತ್ತರ ಕೊಡ್ಬೇಕಾದೋಳು ನಾನು. ಪಕ್ಕಕ್ಕೆ ಬಾ."

ಮಂಡಿಯೂರಿ ಕೂರುತ್ತಾರೆ. ಡ್ರಮ್ಮಿನ ಹಗ್ಗ ಬಿಗಿದ ಬಳೆಯನ್ನು ಆಗಲೇ ಬಡಿದು ನೋಡಿದ್ದರು, ಗಟ್ಟಿಯಾಗಿತ್ತು. ಈಗ ಸುತ್ತಲಿನ ಹಲಗೆಗೆ ಬಡಿಯುತ್ತಾರೆ. ಹೊಸ ಬಣ್ಣ ಮಿರಮಿರ ಹೊಳೆಯುವ ಕಡೆ ಸುತ್ತಿಗೆ ಒದ್ದೆ ಮಣ್ಣಿಗೆ ಹೊಕ್ಕಂತೆ ಒಳಗಿಳಿಯುತ್ತದೆ. ಬಣ್ಣದ ಕೆಳಗೆ ಮರ ಪೂರ್ತಿ ಕೊಳೆತಿದೆ. ಚಾಲಕನ ನಗು ಅಲ್ಲೇ ನಿಲ್ಲುತ್ತದೆ.

ಬಡಗಿ ಬಂದು ಹಲಗೆ ಬದಲಿಸಿ, ಬಳೆಗೆ ಮರದ ಆಚೆಬದಿಗೂ ತೂರುವ ಬೋಲ್ಟು ಹಾಕುವಷ್ಟರಲ್ಲಿ ಬಿಸಿಲೇರಿದೆ. ಗಂಟಕ್ಕ ಡ್ರಮ್ಮನ್ನು ಮತ್ತೆ ಕಟ್ಟುತ್ತಾರೆ. ಬೋಟನ್ನು ಮತ್ತೆ ತೂಗಿಸುತ್ತಾರೆ.

ಟಕ್. ಟಕ್.

ಈ ಸಲ ಎಲ್ಲರಿಗೂ ಕೇಳಿಸುತ್ತದೆ. ತೂಗುವುದನ್ನು ನಿಲ್ಲಿಸುತ್ತಾರೆ. ನೀರು ಕನ್ನಡಿಯಂತಿದೆ. ಸದ್ದು ನಿಲ್ಲುವುದಿಲ್ಲ. ಬಡಗಿ ಉಳಿ ಎತ್ತಿಕೊಂಡು ಧಕ್ಕೆಗೆ ಇಳಿಯುತ್ತಾನೆ. ಗಂಟಕ್ಕ ಹೊಸ ಹಲಗೆಯ ಮೇಲೆ ಅಂಗೈ ಊರಿ, ಕಿವಿಯಿಟ್ಟು ಕೇಳುತ್ತಾರೆ.

"ಹೊರಡಿ," ಎನ್ನುತ್ತಾರೆ.

ಬೋಟು ಕಣ್ಮರೆಯಾಗುವವರೆಗೂ ಧಕ್ಕೆಯಲ್ಲಿ ನೋಡುತ್ತ ನಿಂತ ಗಂಟಕ್ಕನನ್ನು, ಸದ್ದಿದ್ದರೂ ಹೇಗೆ ಬಿಟ್ಟಿರಿ ಎಂದು ನಾನು ಕೇಳಿದೆ.

"ನನ್ನ ತಮ್ಮ ನಿಲ್ತಿದ್ದ ಜಾಗ ಅದು. ಕೊಳೆತ ಮರ ತೋರಿಸಿದ್ದೂ ಆ ಸದ್ದೇ," ಎಂದರು, ಹಗ್ಗ ಸುತ್ತುತ್ತ. "ಬೇರೆ ಬೋಟಲ್ಲಿ ಸದ್ದು ಕೇಳಿಸಿದ್ರೆ ಬಿಡಲ್ಲ. ಇದರಲ್ಲಿ ಇನ್ಮೇಲೆ, ಕೇಳಿಸದೆ ಇದ್ರೆ ಬಿಡಲ್ಲ."