ಓದದೆ ಬಿಟ್ಟ ಒಂದು ಸಾಲು

ಹೋದ ವಾರ ಸೊಸೆ ಮೊಮ್ಮಗಳಿಗೆ ಕಾಡಿಗೆ ಹಿಡಿಯಲೆಂದು ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಟ್ಟೆ ಬೋರಲಿಟ್ಟಿದ್ದಳು. ಆ ಕಮಟು ಪಡಸಾಲೆಗೆ ಬಂದಾಗ ನನ್ನ ಕೈಯಲ್ಲಿದ್ದ ಪತ್ರಿಕೆ ತಾನಾಗಿ ಕೆಳಗಿಳಿಯಿತು. ಅರ್ಜಿ ಕಾಕಾ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೆಯೇ. ತಟ್ಟೆಗೆ ಹಿಡಿದ ಕಪ್ಪನ್ನು ಕೆರೆದು, ಜಾಲಿ ಅಂಟಿನ ನೀರಿನಲ್ಲಿ ಅರೆದು, ಮಣ್ಣಿನ ಕುಡಿಕೆಯಲ್ಲಿ ತುಂಬಿಡುತ್ತಿದ್ದರು. ಅವರ ಅಂಗಿಯ ತೋಳು, ಕೂರುವ ಜಮಖಾನೆ, ಬರೆದ ಕಾಗದ, ಎಲ್ಲಕ್ಕೂ ಅದೇ ವಾಸನೆ...

ಕೊಪ್ಪಳದ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಉರ್ದುವಿನಲ್ಲಿ ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕೆಲಸ. ಅದು ನಿಜಾಮರ ಕಾಲ. ಕನ್ನಡದ ಕಾಗದವನ್ನು ಕಚೇರಿಯಲ್ಲಿ ಯಾರೂ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಕಾಕಾ ನಮ್ಮ ಓಣಿಯವರೇ, ನಮ್ಮ ಮನೆಯಿಂದ ಮೂರನೆಯ ಬಾಗಿಲು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ನಾನು ಆಗ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದೆ. ಎರಡನೆಯ ಮಹಾಯುದ್ಧ ಶುರುವಾಗಿ ಹತ್ತಿ ಹೊರದೇಶಕ್ಕೆ ಹೋಗುವುದು ನಿಂತಿತು. ಒಂದು ಸೋಮವಾರ ಬೆಳಿಗ್ಗೆ ಮಾಲಕರು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, "ಎಂಜಿನ್ ನೋಡಾಂವ ಒಬ್ಬ ಇರ್ಲಿ. ಉಳದಾವ್ರು ನಾ ಹೇಳಿ ಕಳಸೂಮಟಾ ಬರಬ್ಯಾಡ್ರಿ" ಎಂದರು. ಅವರು ಹೇಳಿ ಕಳಿಸಲೇ ಇಲ್ಲ. ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿಯ ಅಡತಿ ಅಂಗಡಿ, ಹನುಮಸಾಗರದ ಬಟ್ಟೆ ವ್ಯಾಪಾರಿಗಳು... ಎಲ್ಲರನ್ನೂ ಕೇಳಿ ಬಂದೆ. ಹೆಂಡತಿ ಆರು ತಿಂಗಳ ಬಸುರಿ. ಬೆಳಿಗ್ಗೆ ಹೊರಡುವಾಗ ಅವಳು ಏನೂ ಕೇಳುತ್ತಿರಲಿಲ್ಲ, ಸಂಜೆ ತಿರುಗಿ ಬಂದಾಗಲೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಆಗ ಯಲಬುರ್ಗಾದ ಒಂದು ಕಚೇರಿಗೆ ನಕಲು ಗುಮಾಸ್ತ ಬೇಕೆಂದು ಪ್ರಕಟಣೆ ಬಂತು. ಹಳೆಯ ಕಾಗದಗಳನ್ನು ಅಂದವಾಗಿ ತಿರುಗಿ ಬರೆಯುವ ಕೆಲಸ. ನಾನು ಓದಿದ್ದೇ ಉರ್ದು ಶಾಲೆಯಲ್ಲಿ, ಎಂಥ ಕಾಗದವನ್ನಾದರೂ ಸರಾಗವಾಗಿ ಓದುತ್ತಿದ್ದೆ. ಬರವಣಿಗೆ ಮಾತ್ರ ಕೆಟ್ಟದ್ದು. ನಾನು ಬರೆದದ್ದು ಮರುದಿನ ನನಗೇ ತಿಳಿಯುತ್ತಿರಲಿಲ್ಲ. ಪ್ರಕಟಣೆ ಹಿಡಿದು ಕಾಕಾ ಹತ್ತಿರ ಹೋದೆ. ಅವರು ಕಾಗದ ಇಸಿದುಕೊಂಡು, ಹಾಗೆಯೇ ನನ್ನ ಕೈಗೆ ತಿರುಗಿ ಕೊಟ್ಟರು.

"ನೀನ ಓದಪಾ ತಮ್ಮಾ. ಏನೇನ ಕೇಳ್ಯಾರ, ಎಲ್ಲಾ ಓದು."

ಓದಿದೆ. ಕೊನೆಯ ಒಂದು ಸಾಲು ಬಿಟ್ಟು. ಅರ್ಜಿಯನ್ನು ಅಭ್ಯರ್ಥಿ ತನ್ನ ಕೈಯಾರೆ ಬರೆದಿರಬೇಕು ಎಂದು ಅಲ್ಲಿತ್ತು. ತಿಳಿದರೆ ಕಾಕಾ ಬರೆದುಕೊಡಲಿಕ್ಕಿಲ್ಲ, ಬೇಕಾದರೆ ಅವರೇ ನೋಡಿಕೊಳ್ಳುತ್ತಾರೆ, ನೋಡಿ ಬಯ್ದರೆ ಬಯ್ಯಲಿ ಎಂದುಕೊಂಡೆ. ಅವರು ನೋಡಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಕಾಗದದ ಮೇಲೆ ಸಾಲು ಗೀರಿ, ಎಡಗೈ ಬೆರಳನ್ನು ಆ ಗೀರಿನ ಗುಂಟ ಸರಿಸುತ್ತ ಬರೆದುಕೊಟ್ಟರು. ಅಷ್ಟು ಚೆಂದದ ಅಕ್ಷರ ನಾನು ಮತ್ತೆ ಎಲ್ಲಿಯೂ ನೋಡಿಲ್ಲ.

ಹದಿನೈದು ದಿನಗಳೊಳಗೆ ಬಂದು ಹಾಜರಾಗಬೇಕೆಂದು ಯಲಬುರ್ಗಾದಿಂದ ಉತ್ತರ ಬಂತು. ಅಕ್ಷರವನ್ನು ಮೆಚ್ಚಿ ಕೆಲಸ ಕೊಟ್ಟಿದ್ದಾಗಿ ಅದರಲ್ಲೇ ಬರೆದಿತ್ತು. ಹೆಂಡತಿ ಅವತ್ತು ತಿಂಗಳುಗಳ ಮೇಲೆ ನಕ್ಕಳು. ನಾನು ಆ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹೋದರೆ ಮೊದಲ ದಿನವೇ ಸಿಕ್ಕಿಬೀಳುತ್ತೇನೆ. ಹೋಗದಿದ್ದರೆ ಅವಳಿಗೆ ಏನು ಹೇಳಲಿ? ಮರುದಿನವೇ ಕಾಕಾ ಹತ್ತಿರ ಹೋಗಿ, "ನಿಮ್ಮಂಗ ಬರಿಯಾಕ ಕಲಸ್ರಿ ಕಾಕಾ" ಎಂದೆ. ಯಾಕೆಂದು ಅವರು ಕೇಳಲಿಲ್ಲ. ದಿನವೂ ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದು ತಿದ್ದಿಸಿದರು.

"ಲೇಖನಿ ಯಾಕ ಇಷ್ಟ ಬಿಗಿ ಹಿಡದಿ? ನೀ ಅಂಜಿದ್ರ ಅಕ್ಷರನೂ ಅಂಜತಾವ."

ಒಂದು ಸಂಗತಿ ಆಗಲೇ ವಿಚಿತ್ರ ಅನಿಸಿತ್ತು. ನಾನು ಬರೆದದ್ದನ್ನು ಅವರು ಚೆನ್ನಾಗಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ಹೇಳುತ್ತಿರಲಿಲ್ಲ. "ಇವತ್ತ ನಿನ್ನೆಕಿಂತ ಛಲೋ ಆತೇನು?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅದೂ ಸುಳ್ಳೇ.

ಕೊನೆಯ ದಿನ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ, ಇದ್ದಿಲಿನಿಂದ ಓಡುವ ಬಸ್ಸು. ಏರು ಬಂದಲ್ಲಿ ನಿಲ್ಲುತ್ತಿತ್ತು, ನಾವು ಇಳಿದು ನಡೆಯುತ್ತಿದ್ದೆವು. ಎರೆಹೊಲದ ನಡುವೆ ನಿಂತಾಗ, ಈ ಬಸ್ಸು ಇಲ್ಲಿಯೇ ಕೆಟ್ಟು ಬಿದ್ದಿರಲಿ ಎಂದು ಬೇಡಿಕೊಂಡೆ. ಅದು ಮತ್ತೆ ಹೊರಟಿತು.

ಕಚೇರಿಯಲ್ಲಿ ಸಾಹೇಬರು ನನ್ನ ಅರ್ಜಿಯನ್ನು ಉಳಿದ ಗುಮಾಸ್ತರಿಗೆ ತೋರಿಸಿ, ಬರೆದರೆ ಹೀಗೆ ಬರೆಯಬೇಕು ಎಂದರು. ಒಂದು ಕಾಗದ ಕೊಟ್ಟು ನಕಲು ಮಾಡಲು ಹೇಳಿದರು. ಲೇಖನಿ ಅದ್ದಿದೆ. ಹನಿಯೊಂದು ಕಾಗದದ ಮೇಲೆ ಬಿತ್ತು. ಒಂದು ಅಕ್ಷರವನ್ನೂ ಬರೆಯದೆ ಎದ್ದು ನಿಂತು, ಆ ಕೈ ನನ್ನದಲ್ಲ, ಬರೆದವರಿಗೆ ನಿಮ್ಮ ನಿಯಮ ಗೊತ್ತಿರಲಿಲ್ಲ, ನಾನೇ ಮುಚ್ಚಿಟ್ಟೆ ಎಂದುಬಿಟ್ಟೆ. ಯಾರು ಬರೆದದ್ದೆಂದು ಕೇಳಿದರು. ಕಾಕಾ ಮರದ ಕೆಳಗೆ ಕೂರುವುದಕ್ಕೂ ಕುತ್ತು ಬಂದೀತೆಂದು ಹೆಸರು ಹೇಳಲಿಲ್ಲ. ಸಾಹೇಬರು ಅರ್ಜಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಒಂದು ಚೀಟಿ ಬರೆದು ಕೊಟ್ಟರು. ಆ ಕೈಯವರು ಬಂದರೆ ಕೆಲಸ ಅವರಿಗೆ, ನೀನು ಹೋಗಬಹುದು ಎಂದರು.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಕಾಕಾ ಮುಂದೆ ಕೂತು ಎಲ್ಲವನ್ನೂ ಹೇಳಿ ಚೀಟಿ ಕೊಟ್ಟೆ. ಬಯ್ಗುಳಕ್ಕೆ ಕಾಯುತ್ತಿದ್ದೆ. ಅವರು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಚೇರಿಯ ಕಡೆ ನೋಡಿದರು. ಮೂವತ್ತು ವರ್ಷ ಅದರ ಎದುರಿಗೆ ಕೂತಿದ್ದ ಮನುಷ್ಯ.

"ಅಲ್ಲಿ ಕುರ್ಚಿ ಮ್ಯಾಲ ಕುಂದರಸ್ತಾರೇನು?"

"ಹೂಂರಿ ಕಾಕಾ. ಕುರ್ಚಿ, ಮೇಜು ಎರಡೂ ಅದಾವ."

ಅವರು ಚೀಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ದನಿ ತಗ್ಗಿಸಿ, "ನಕಲ ಮಾಡಬೇಕಂದ್ರ ಮದಲ ಓದಬೇಕಲ್ಲಪಾ. ಎರಡ ವರ್ಷಾತು, ಮಂದಿ ಮಾರಿ ಮಬ್ಬ ಮಬ್ಬ ಕಾಣತಾವ, ಅಕ್ಷರ ಕಾಣಂಗಿಲ್ಲ. ಕೈಗೆ ರೂಢಿ ಐತಿ, ಬರೀತೈತಿ" ಎಂದರು.

ಓದಲಾರದ ಮನುಷ್ಯನಿಗೆ ನಾನು ಒಂದು ಸಾಲು ಬಿಟ್ಟು ಓದಿದ್ದೆ... ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಭುಜ ಹಿಡಿದು ಎಬ್ಬಿಸಿದರು.

"ನೀ ಒಂದ ಸಾಲು ಮುಚ್ಚಿಟ್ಟಿ, ನಾ ಕಣ್ಣು ಮುಚ್ಚಿಟ್ಟೆ. ಇಬ್ಬರೂ ಅಂಜಿದ್ವಿ. ಮಂದಿಗೆ ಹೇಳಬ್ಯಾಡ. ನಾಳಿಂದ ಇಲ್ಲೆ ಬಂದ ಓದು, ನಾ ಬರೀತೀನಿ. ಆದ್ರ ಎಲ್ಲಾ ಸಾಲೂ ಓದಬೇಕ ನೋಡು."

ಐದು ತಿಂಗಳು ಆ ಜಮಖಾನೆಯ ಇನ್ನೊಂದು ತುದಿಯಲ್ಲಿ ಕೂತೆ. ಮಗ ಹುಟ್ಟಿದ್ದು ಆಗಲೇ. ಆಮೇಲೆ ಗಂಗಾವತಿಯ ಅಕ್ಕಿ ಗಿರಣಿಯಿಂದ ಕರೆ ಬಂತು. ಈ ಸಲ ನಾನು ಕಾಗದವನ್ನು ಕಾಕಾಗೆ ಪೂರ್ತಿ ಓದಿ ಹೇಳಿ, "ನಾ ಹೋದ್ರ ನಿಮಗ ಓದಾವ್ರು ಯಾರ್ರಿ?" ಎಂದೆ. "ಕೂಸಿನ್ನ ಕಟಗೊಂಡ ಗಿಡದ ಬುಡಕ ಕುಂದರತೀಯೇನು? ಹೋಗು. ಯಾರರೆ ಸಿಗತಾರ" ಎಂದರು. ಯಾರೂ ಸಿಗಲಾರರೆಂದು ಇಬ್ಬರಿಗೂ ಗೊತ್ತಿತ್ತು. ನಾನು ಹೋದೆ.

ಎರಡು ವರ್ಷದ ಮೇಲೆ ಮರಳಿ ಎಂಬ ಹಳ್ಳಿಯ ಸುತ್ತ ಹದಿನೈದು ದಿನ ಗಿರಣಿಗೆ ಭತ್ತ ನೋಡಿಕೊಂಡು ಬರುವಷ್ಟರಲ್ಲಿ ಮನೆಗೆ ಕಾಕಾ ಬರೆದ ಕಾಗದ ಬಂದಿತ್ತು. ಮರುದಿನವೇ ಕೊಪ್ಪಳಕ್ಕೆ ಹೊರಟೆ. ಅವರು ತೀರಿಕೊಂಡು ಒಂಬತ್ತು ದಿನವಾಗಿತ್ತು.

ಆ ಕಾಗದ ಇಂದಿಗೂ ನನ್ನ ಹತ್ತಿರ ಇದೆ. ಮೇಲೆ 'ಬರಖುರ್ದಾರ್' ಎಂದಿದೆ, ಉರ್ದುವಿನಲ್ಲಿ ಮಗನಂಥವನಿಗೆ ಬರೆಯುವ ಮಾತು ಅದು. ಮುಂದೆ ಬೆರಳು ಗೀರು ತಪ್ಪಿ, ಸಾಲಿನ ಮೇಲೆ ಸಾಲು ಹತ್ತಿ, ಪುಟದ ತುಂಬ ಕಪ್ಪು. ಉರ್ದು ಬಲ್ಲ ಎಷ್ಟೋ ಜನರಿಗೆ ತೋರಿಸಿದೆ, ಯಾರಿಗೂ ತಿಳಿಯಲಿಲ್ಲ. ಕಾಕಾಗಾಗಿ ನೂರಾರು ಕಾಗದ ಓದಿದವನು ನಾನು. ಅವರು ನನಗೆ ಬರೆದ ಒಂದೇ ಒಂದನ್ನು ಓದಲು ನನ್ನಿಂದ ಆಗಿಲ್ಲ.