ರಾಮಕ್ಕನ ಮೂರು ಬೇಸಿಗೆ, ನನ್ನ ಸಸ್ಯಶಾಸ್ತ್ರ

ಕೃಷ್ಣಗಿರಿ ಹೊಸ ಜಿಲ್ಲೆಯಾದ ಮರುವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ನಾವು ಹೊಸೂರಿನ ಆಲಸನತ್ತಂನಲ್ಲಿ ಮನೆ ಕಟ್ಟಿಸಿದೆವು. ಕಾಂಪೌಂಡಿಗೂ ಮೆಟ್ಟಿಲಿಗೂ ನಡುವೆ ಹನ್ನೆರಡು ಅಡಿ ಅಗಲ, ಮೂವತ್ತು ಅಡಿ ಉದ್ದದ ಕೆಂಪು ಮಣ್ಣಿನ ಜಾಗ ಉಳಿಯಿತು. ಅಲ್ಲಿ ಕಾರು ನಿಲ್ಲಿಸಬೇಕೆಂದು ನನ್ನ ಗಂಡ ಮುರಳಿಗೆ ಆಸೆ. ಆದರೆ ಕಾರು ಇರಲಿಲ್ಲ. ಹಾಗಾಗಿ ಜಾಗ ನನ್ನ ಪಾಲಿಗೆ ಬಂತು.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಉಷಾರಾಣಿ, ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ., ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಹದಿನೆಂಟು ವರ್ಷ ಬೇರು, ಕಾಂಡ, ಎಲೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬೆಳೆಸಿದ್ದೇನೆ. ಒಂದೂ ಬಾಡಿದ್ದಿಲ್ಲ. ಮಣ್ಣಿನಲ್ಲಿ ಬೆಳೆಯುವ ಗಿಡಗಳ ಜೊತೆ ನನಗೆ ಅಷ್ಟು ಬಳಕೆ ಇರಲಿಲ್ಲ, ಬಾಡಿಗೆ ಮನೆಯಲ್ಲಿ ನನ್ನ ಕೈಯಲ್ಲಿ ಸತ್ತ ಎರಡು ತುಳಸಿಗಳನ್ನು ಬಿಟ್ಟರೆ.

ಗೃಹಪ್ರವೇಶದ ಹೂವಿನ ಹಾರ ಒಣಗುವ ಮೊದಲೇ ಅತ್ತೆ ಭಾಗೀರಥಮ್ಮ ತಮ್ಮ ಪಟ್ಟಿ ಹೇಳಿದರು. ಕೆಂಪು ದಾಸವಾಳ, ನಂದಿಬಟ್ಟಲು, ದುಂಡು ಮಲ್ಲಿಗೆ, ಕನಕಾಂಬರ.

"ಇವೆಲ್ಲ ಎಲ್ಲರ ಮನೇಲೂ ಇರುತ್ತೆ ಅತ್ತೆ" ಎಂದೆ.

"ಎಲ್ಲರ ಮನೇಲೂ ಯಾಕೆ ಇರುತ್ತೆ ಅಂತ ಒಂದು ಸಲ ಯೋಚನೆ ಮಾಡು."

ನಾನು ಯೋಚನೆ ಮಾಡಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲೆ ಒಂದು, ಕಾಲ ಬಳಿ ಎರಡು, ಪಕ್ಕದವರ ಕಾಲ ಬಳಿ ಮೂರು ಎಂದು ಗಿಡಗಳನ್ನು ತಂದೆ. ಲ್ಯಾವೆಂಡರ್, ಹೈಡ್ರೇಂಜಿಯಾ, ತಟ್ಟೆಯಗಲದ ಹೂ ಬಿಡುವ ಹೊಸ ತಳಿಯ ಹಳದಿ ದಾಸವಾಳ, ಹಳದಿ ಡೇ ಲಿಲಿ. ಎಲ್ಲವೂ ಬಹುವಾರ್ಷಿಕ, ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಬಾಳುವಂಥವು ಎಂದು ಮಾರಿದವನು ಹೇಳಿದ್ದ. ನಾನು ಒಂದೊಂದರ ಮುಂದೆಯೂ ಒಂದು ಹಲಗೆ ನೆಟ್ಟು ಲ್ಯಾಟಿನ್ ಹೆಸರು ಬರೆದೆ. ಕೆಳಗೆ ಕನ್ನಡದಲ್ಲಿ 'ಬಹುವಾರ್ಷಿಕ' ಎಂದು ಬರೆದು ಅಡಿಗೆರೆ ಎಳೆದೆ. ಬೀದಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ಗಿಡವನ್ನಲ್ಲ, ಹಲಗೆಯನ್ನು.

ಆ ವಾರವೇ ರಾಮಕ್ಕ ಬಂದದ್ದು. ಹಿಂದಿನ ಬೀದಿಯಲ್ಲಿ ಶೀಟಿನ ಮನೆ, ಮನೆಯ ಮುಂದೆ ಎಣ್ಣೆ ಡಬ್ಬಗಳಲ್ಲಿ ಹೂಗಿಡ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಕೆಲಮಂಗಲದ ರಸ್ತೆಯ ಗುಲಾಬಿ ಗ್ರೀನ್‌ಹೌಸಿನ ವ್ಯಾನು ಹತ್ತುತ್ತಿದ್ದಳು. ಕೂಲಿ ಹೆಂಗಸು ಎಂದುಕೊಂಡಿದ್ದೆ. ಅಂಗಿ ನೋಡಿ ಆಳನ್ನು ತೂಗುವ ವಿದ್ಯೆ ನನಗೆ ಯಾವ ಕಾಲೇಜಿನಲ್ಲಿ ಬಂತೋ ತಿಳಿಯದು.

"ಟೀಚರಮ್ಮಾ, ಅಜ್ಜಿ ಕೇಳಿದ್ರು. ದಾಸವಾಳ, ನಂದಿಬಟ್ಲು, ಕನಕಾಂಬರದ ಕಡ್ಡಿ ತಂದಿವ್ನಿ. ಮಲ್ಲಿಗೆ ಬೇರು ಸಮೇತ ಐತೆ" ಎಂದು ಒದ್ದೆ ಗೋಣಿ ಬಿಚ್ಚಿದಳು.

ಕಡ್ಡಿ ನೋಡಿದೊಡನೆ ನನ್ನೊಳಗಿನ ಮೇಷ್ಟ್ರಮ್ಮ ಎದ್ದಳು. ಕಡ್ಡಿಯಿಂದ ಸಸಿ ಮಾಡುವುದಕ್ಕೂ ಕಣ್ಣು ಕಸಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಮೆಟ್ಟಿಲ ಮೇಲೆ ನಿಂತು ವಿವರಿಸಿದೆ. ತೊಗಟೆಯನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ಹೇಗೆ ಸೀಳಬೇಕು, ಮೊಗ್ಗನ್ನು ಹೇಗೆ ಕೂರಿಸಬೇಕು ಎಂದು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದೆ. ಹತ್ತು ನಿಮಿಷವಾದರೂ ಹಿಡಿದಿರಬೇಕು. ರಾಮಕ್ಕ ಗೋಣಿಚೀಲ ಕಂಕುಳಲ್ಲಿಟ್ಟುಕೊಂಡು ಕೇಳುತ್ತಾ ನಿಂತಿದ್ದಳು. "ಹೂಂ ಟೀಚರಮ್ಮ" ಎಂದು ಮೂರು ಸಲ ಅಂದಳು. ಆಮೇಲೆ ಲ್ಯಾವೆಂಡರಿನ ಬುಡ ಮುಟ್ಟಿ ನೋಡಿ, "ಇದ್ಕೆ ಐಪ್ಪಸಿ ಮಳೆ ತಡೆಯಾಕಿಲ್ಲ. ಒಸಿ ಎತ್ರಕ್ಕೆ ಮಣ್ಣೇರ್ಸಿ ನೆಡಿ" ಎಂದಳು.

"ಚಳಿದೇಶದ ಗಿಡ ರಾಮಕ್ಕ. ಹಿಮವನ್ನೇ ತಡೆಯುತ್ತೆ" ಎಂದು ನಕ್ಕೆ.

ಅಕ್ಟೋಬರಿನಲ್ಲಿ ಹಿಮ ಬೀಳಲಿಲ್ಲ, ಮಳೆ ಬಿತ್ತು. ತಮಿಳಿನವರು ಐಪ್ಪಸಿ ಎನ್ನುವ ಆ ತಿಂಗಳಿಡೀ ಬಿಡದೆ ಹೊಯ್ಯಿತು. ಲ್ಯಾವೆಂಡರ್ ಮೊದಲು ಬೂದಿಬಣ್ಣಕ್ಕೆ ತಿರುಗಿತು. ಅದು ಅದರ ಸಹಜ ಬಣ್ಣವೆಂದು ಮುರಳಿಗೆ ಹೇಳಿದೆ. ನಂತರ ಕಪ್ಪಾಯಿತು. ಅತ್ತೆ ಹಲಗೆಯನ್ನು ಕನ್ನಡಕ ಹಾಕಿಕೊಂಡು ಓದಿ, "ಬಹುವಾರ್ಷಿಕ ಅಂತ ಬರೆದಿದ್ದೀಯಲ್ಲೇ ಉಷಾ, ಇದು ಮಾಸಿಕಕ್ಕೇ ಬಂತಲ್ಲ" ಎಂದರು. ಮುರಳಿ ಕಾಫಿ ಲೋಟ ಹಿಡಿದುಕೊಂಡೇ ಒಳಗೆ ಹೋಗಿ ನಕ್ಕು ಬಂದರು.

ಹೈಡ್ರೇಂಜಿಯಾಕ್ಕೆ ಒಂದು ಚಮಚ ಗೊಬ್ಬರ ಹಾಕಿ ಎಂದು ಪುಸ್ತಕದಲ್ಲಿತ್ತು. ಪುಷ್ಟಿಯಾಗಲಿ ಎಂದು ಸೌಟಿನಲ್ಲಿ ಹಾಕಿದೆ. ಎಲೆಗಳ ಅಂಚು ಸುಟ್ಟ ಹಪ್ಪಳದ ಹಾಗಾಯಿತು. ತಟ್ಟೆಯಗಲದ ದಾಸವಾಳ ಒಂದೇ ಒಂದು ಹೂ ಬಿಟ್ಟಿತು. ಅವತ್ತು ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಫೋಟೋ ತೆಗೆಸಿದೆ. ಮರುವಾರ ಎಲೆಯಡಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಹುಳ ಹತ್ತಿತು. ಅತ್ತೆಯ ಮೂಲೆಯಲ್ಲಿ ರಾಮಕ್ಕನ ಕಡ್ಡಿಗಳು ಮಾತ್ರ ಯಾರ ಹಂಗೂ ಇಲ್ಲದೆ ಚಿಗುರಿದ್ದವು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಜನವರಿಯಲ್ಲಿ ಒಂಬತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳನ್ನು ಗುಲಾಬಿ ಗ್ರೀನ್‌ಹೌಸ್ ನೋಡಲು ಕರೆದುಕೊಂಡು ಹೋದೆ. ಮ್ಯಾನೇಜರು ಬಾಗಿಲಲ್ಲೇ, "ವಾಂಗ ಮೇಡಂ, ಎಲ್ಲಾ ತೋರ್ಸಾಕೆ ನಮ್ಮ ಟ್ರಯಲ್ ಸೆಕ್ಷನ್ನಿನವರು ಬರ್ತಾರೆ. ಹೊರದೇಶದಿಂದ ಯಾವ ಹೊಸ ತಳಿ ಬಂದ್ರೂ ಅವರು ಬೇಡ ಅಂದ್ರೆ ನಾವು ಇಡಲ್ಲ" ಎಂದರು. ನಾನು ಕೋಟು ಹಾಕಿದವರು ಯಾರೋ ಬರುತ್ತಾರೆಂದು ಸೆರಗು ಸರಿಮಾಡಿಕೊಂಡೆ. ಅಂಗಿ, ತಲೆಬಟ್ಟೆ, ಕೈಯಲ್ಲೊಂದು ಪುಟ್ಟ ಚಾಕು. ರಾಮಕ್ಕ ಬಂದಳು.

ಅವಳು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಒಂದು ಕಾಡುಗುಲಾಬಿಯ ಕಾಂಡ ಹಿಡಿದಳು. ಚಾಕು ಎರಡು ಸಲ ಆಡಿತು. ತೊಗಟೆ ಟಿ ಆಕಾರದಲ್ಲಿ ಬಿರಿಯಿತು, ಮೊಗ್ಗು ಒಳಗೆ ಕೂತಿತು, ಪಟ್ಟಿ ಸುತ್ತಿ ಆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ದಿನಕ್ಕೆ ಎಷ್ಟು ಮಾಡುತ್ತೀರಿ ಎಂದು ಒಬ್ಬಳು ಹುಡುಗಿ ಕೇಳಿದಳು. "ಈಗ ನಾನು ಮಾಡಾಕಿಲ್ಲ, ಮಾಡೋರ್ನ ನೋಡ್ಕೋತೀನಿ. ಮುಂಚೆ ಆರ್‍ನೂರು ಮಾಡ್ತಿದ್ದೆ" ಎಂದಳು.

ನನ್ನ ಕಿವಿ ಕಾದವು. ಈ ಹೆಂಗಸಿಗೆ ನಾನು ಗಾಳಿಯಲ್ಲಿ ಬೆರಳಾಡಿಸಿ ಕಸಿ ಕಲಿಸಿದ್ದೆ. ಅವಳು ಈಗ ಏನಾದರೂ ಹೇಳಿಬಿಟ್ಟರೆ ಎಂದು ಹೆದರಿ ಹಿಂದಿನ ಸಾಲಿಗೆ ಸರಿದೆ. ರಾಮಕ್ಕ ಮಕ್ಕಳ ಕಡೆ ತಿರುಗಿ, "ನಿಮ್ಮ ಟೀಚರಮ್ಮ ಇದ್ನ ಚೆನ್ನಾಗಿ ಹೇಳ್ಕೊಡ್ತಾರೆ. ಮರೀಬ್ಯಾಡಿ" ಎಂದಳು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಮುಂದಿನ ಭಾನುವಾರ ನಾನೇ ಅವಳ ಮನೆಗೆ ಹೋಗಿ ಕರೆದೆ. "ರಾಮಕ್ಕ, ಯಾವುದು ಇಡಲಿ, ಯಾವುದು ಕೀಳಲಿ, ನೀನೇ ಹೇಳು."

ಬರುವಾಗ ದಾರಿಯಲ್ಲಿ ತನ್ನ ಕಥೆಯನ್ನು ತುಂಡುತುಂಡಾಗಿ ಹೇಳಿದಳು. ಏಳನೆಯ ತರಗತಿಗೆ ಓದು ಬಿಟ್ಟವಳು. ಗ್ರೀನ್‌ಹೌಸ್ ಶುರುವಾದಾಗ ಕಳೆ ಕೀಳಲು ಸೇರಿದಳು. ಕಸಿ ಮಾಡುವವರ ಪಕ್ಕದಲ್ಲೇ ಕಳೆ ಕೀಳುತ್ತಾ ಕಣ್ಣಿನಲ್ಲೇ ಕಲಿತು, ಊಟದ ಹೊತ್ತಿನಲ್ಲಿ ಬಿಸಾಡಿದ ಕಡ್ಡಿಗಳ ಮೇಲೆ ಕೈ ಪಳಗಿಸಿಕೊಂಡಳು. ಒಂದು ದಿನ ಕಸಿಯವನು ರಜೆ ಹಾಕಿದಾಗ ಚಾಕು ಕೈಗೆ ಬಂತು. ಮತ್ತೆ ಕಳೆಗೆ ವಾಪಸ್ಸು ಹೋಗಲಿಲ್ಲ. ಈಗ ಅವಳ ಕೈಕೆಳಗೆ ಹದಿನಾಲ್ಕು ಜನ.

"ಇಷ್ಟೆಲ್ಲ ಹೊಸ ತಳಿ ಕಂಡವಳು ಮನೇಲಿ ಮಾತ್ರ ಹಳೇ ಗಿಡಾನೇ ಬೆಳೆಸ್ತೀಯಲ್ಲ, ಯಾಕೆ?" ಎಂದೆ. ನೆಲ, ಹಿರಿಯರು, ನೆನಪು ಎಂದು ಏನಾದರೂ ಗಂಭೀರವಾದ ಉತ್ತರ ಬರುತ್ತದೆ, ಮಕ್ಕಳಿಗೆ ಹೇಳಬಹುದು ಎಂದು ಕಾದೆ.

"ನಂಗೆ ಪುರ್ಸೊತ್ತಿಲ್ಲ ಟೀಚರಮ್ಮ. ಅಲ್ಲಿ ನೋಡ್ಕೊಳ್ಳಾಕೆ ಹದ್ನಾಲ್ಕು ಜನ ಅವ್ರೆ. ಮನೇಲಿ ನಾನೊಬ್ಳೆ. ನೀರು ಹಾಕೋದು ಮರೆತ್ರೂ ಸಾಯ್ದಿರೋದು ಬೇಕು."

ನಮ್ಮ ಅಂಗಳದಲ್ಲಿ ಅವಳು ಹಲಗೆಗಳ ಮೇಲೆ ಕಣ್ಣೂ ಹಾಯಿಸಲಿಲ್ಲ. ಬಗ್ಗಿ ಬುಡಗಳನ್ನು ನೋಡಿದಳು. ಲ್ಯಾವೆಂಡರಿನ ಕಡ್ಡಿ ಕಿತ್ತೆಸೆದಳು. ಹೈಡ್ರೇಂಜಿಯಾವನ್ನು ಕುಂಡಕ್ಕೆ ಎತ್ತಿ ಹಿತ್ತಿಲ ಬಾವಿಕಟ್ಟೆಯ ನೆರಳಿಗೆ ಸಾಗಿಸಿದಳು. ಡೇ ಲಿಲಿಯ ಮುಂದೆ ಕೂತು ಮಣ್ಣು ಕೆದಕಿ, "ಇದು ಒಳ್ಳೇದು, ಗೆಡ್ಡೆ ಮರಿ ಹಾಕೈತೆ. ಇದ್ನ ಇಟ್ಕೊಳ್ಳಿ" ಎಂದಳು. ನನ್ನದೊಂದು ಪಾಸಾಯಿತು ಎಂದು ಎದೆಯುಬ್ಬಿತು. "ಆದ್ರೂ ಮೂರು ಬೇಸ್ಗೆ ಕಾಣ್ಲಿ. ನಮ್ಮಲ್ಲಿ ಹೋದ ಸಲ ಮೂವತ್ತೆರಡು ತಳಿ ಬಂದ್ವು, ಉಳ್ಕೊಂಡಿದ್ದು ನಾಕು" ಎಂದಾಗ ಎದೆ ಇಳಿಯಿತು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ತೃಪ್ತಿಯಿಂದ, "ಹಳೇದೇ ಸರಿ ಅಂತ ನಾನು ಹೇಳಿದ್ನಲ್ಲ ರಾಮಕ್ಕ. ನಮ್ಮಮ್ಮನ ಕಾಲದ ಕನಕಾಂಬರ ನೋಡು ಹೇಗೆ ಹಬ್ಬಿದೆ" ಎಂದರು.

"ಅಜ್ಜೀ, ಇದು ಡೆಲ್ಲಿ ಕನಕಾಂಬರ" ಎಂದಳು ರಾಮಕ್ಕ ನಿರಾಳವಾಗಿ. "ನಿಮ್ಮಮ್ಮನ ಕಾಲ್ದಾಗೆ ಇದಿರ್ನಿಲ್ಲ. ಆಗಿದ್ದುದು ಬೀಜದ್ದು, ಬಣ್ಣ ಕಮ್ಮಿ. ಇದೂ ಯಾವಾಗ್ಲೋ ಹೊಸ್ದಾಗಿ ಬಂದಿದ್ದೇ."

ಅತ್ತೆ ಎದ್ದು ಒಳಗೆ ಹೋದರು. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯುವುದು ಸೊಸೆಗೆ ಶೋಭಿಸುವುದಿಲ್ಲ. ಅದು ಬಹಳ ದಿನವೂ ಉಳಿಯಲಿಲ್ಲ. ಆ ಬೇಸಿಗೆಯಲ್ಲಿ ಅತ್ತೆಯ ದುಂಡು ಮಲ್ಲಿಗೆ ಸತ್ತಿತು. ಬಿಸಿಲಿಗೆ ಪಾಪ ಎಂದು ಎರಡು ಹೊತ್ತೂ ಕೊಡಗಟ್ಟಲೆ ನೀರು ಹೊಯ್ದವಳು ನಾನೇ. ಹೊಸ ತಳಿಯಾದರೂ ಹಳೆಯದಾದರೂ ನನ್ನ ಕೈಗೆ ಭೇದವಿಲ್ಲ ಎಂಬುದು ಸಾಬೀತಾಯಿತು.

ಅಂದಿನಿಂದ ನೀರು, ಗೊಬ್ಬರ ಅತ್ತೆಯ ಪಾಲು. ಕಸ ಗುಡಿಸುವುದು, ಬಂದವರಿಗೆ ತೋರಿಸುವುದು ನನ್ನ ಪಾಲು. ಎರಡು ಸಾವಿರದ ಒಂಬತ್ತರ ಹೊತ್ತಿಗೆ ಅಂಗಳದಲ್ಲಿ ಕೆಂಪು ದಾಸವಾಳ, ನಂದಿಬಟ್ಟಲು, ಕನಕಾಂಬರ, ಅವುಗಳ ನಡುವೆ ಹಳದಿ ಡೇ ಲಿಲಿಯ ಎರಡು ಸಾಲು ನಿಂತಿದ್ದವು. ತಟ್ಟೆಯಗಲದ ದಾಸವಾಳ ನನ್ನ ಫೋಟೋದಲ್ಲಿ ಇಂದಿಗೂ ಚೆನ್ನಾಗಿದೆ.

ಆ ವರ್ಷ ಗ್ರೀನ್‌ಹೌಸಿಗೆ ಕಂಪ್ಯೂಟರ್ ಬಂತು. ಟ್ರಯಲ್ ಪಟ್ಟಿಯನ್ನು ಇಂಗ್ಲಿಷಿನಲ್ಲೇ ಬರೆದು ಕೊಡಬೇಕೆಂದು ಹೇಳಿದರಂತೆ. ರಾಮಕ್ಕ ಒಂದು ಭಾನುವಾರ ಎರಡು ಗೆರೆಯ ನೋಟ್‌ಬುಕ್ ಹಿಡಿದು ಬಂದು, "ಅಕ್ಷರ ಹೇಳ್ಕೊಡಿ ಟೀಚರಮ್ಮ" ಎಂದು ಮೆಟ್ಟಿಲ ಮೇಲೆ ಕೂತಳು. ಕೊನೆಗೂ ನನಗೆ ಗೊತ್ತಿರುವುದೊಂದು ಅವಳಿಗೆ ಬೇಕಾಗಿತ್ತು. ನಾನು ಕನ್ನಡಕ ಒರೆಸಿಕೊಂಡು, ಅವಳು ಹೇಳಿದ ಹದಿಮೂರು ಗುಲಾಬಿಗಳ ಹೆಸರನ್ನು ದುಂಡಗೆ ಬರೆದು ಕೊಟ್ಟೆ.

ಮರುದಿನ ಸಂಜೆ ಅವಳು ವ್ಯಾನಿಳಿದು ನೇರ ನಮ್ಮ ಗೇಟಿಗೆ ಬಂದಳು. ಸಸಿ ಬಂದಿದ್ದ ರಟ್ಟಿನ ಡಬ್ಬದಿಂದ, ತಳಿಯ ಹೆಸರು ಅಚ್ಚಾಗಿದ್ದ ಮುಚ್ಚಳ ಹರಿದು ತಂದಿದ್ದಳು.

"ಇಲ್ಲಿ ಎರಡು ಎಲ್ಲು ಐತೆ ಟೀಚರಮ್ಮ, ನೀವು ಒಂದೇ ಹಾಕಿದ್ದೀರಿ" ಎಂದಳು, ಬೆರಳಿಟ್ಟು ತೋರಿಸುತ್ತಾ. ಒಳಗೆ ಹೋಗಿ ರಬ್ಬರ್ ತಂದೆ.